ಈಜಿಪ್ಟಿನ ಅರೆಯುವ ಕಲ್ಲನ್ನು ನೋಡುವ ಬಗೆ

ಮ್ಯೂಸಿಯಂನಲ್ಲಿ ಪ್ರಾಚೀನ ಈಜಿಪ್ಟಿನ ಅರೆಯುವ ಕಲ್ಲು ಕಂಡರೆ ದಯವಿಟ್ಟು ಮಮ್ಮಿಗಳ ಕಡೆಗೆ ಓಡಬೇಡಿ. ಮಂಡಿ ಬಗ್ಗಿಸಿ, ಕಣ್ಣನ್ನು ಕಲ್ಲಿನ ಮಟ್ಟಕ್ಕೆ ತನ್ನಿ. ಮೇಲಿಂದ ಅದು ಬರೀ ಬಂಡೆ. ಪಕ್ಕದಿಂದ ನೋಡಿದಾಗಲೇ ಕುದುರೆಯ ಜೀನಿನಂಥ ತಗ್ಗು ಕಾಣುತ್ತದೆ. ದಿನವೂ ಹಿಂದೆ ಮುಂದೆ ಆಡಿದ ಕೈಗಳು ಸವೆಸಿದ ತಗ್ಗು ಅದು. ನಾನಂತೂ ಅದರ ಮುಂದೆ ಬಹಳ ಹೊತ್ತು ನಿಂತುಬಿಡುತ್ತೇನೆ.

ಆಮೇಲೆ ಸಣ್ಣ ಸಣ್ಣ ಕುಳಿಗಳನ್ನು ಹುಡುಕಿ. ಕಲ್ಲು ನುಣುಪಾದರೆ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಹಾಗಾಗಿ ಆಗಾಗ ಕುಟ್ಟಿ ಒರಟು ಮಾಡಬೇಕು. ಮೇಲಿನ ಕಲ್ಲೂ ಜೊತೆಗಿದ್ದರೆ ಅದರ ತಳ ಗಮನಿಸಿ, ಅದೂ ಸವೆದಿರುತ್ತದೆ.

ಈಗ ಅರೆದವಳನ್ನು ನೆನೆಯಿರಿ. ಕೈರೋದ ಈಜಿಪ್ಷಿಯನ್ ಮ್ಯೂಸಿಯಂನಲ್ಲಿ ಮಂಡಿಯೂರಿ ಧಾನ್ಯ ಅರೆಯುವ ಹೆಂಗಸರ ಪುಟ್ಟ ಪ್ರತಿಮೆಗಳಿವೆ, 4,000 ವರ್ಷಕ್ಕೂ ಹಳೆಯವು. ಭುಜದ ಭಾರವೆಲ್ಲ ಅಂಗೈಗೆ ಇಳಿದಿರುವುದನ್ನು ನೋಡಿ. ಪ್ರಾಚೀನ ಈಜಿಪ್ಟಿನ ಅಮರ್ನಾ ನಗರದ ಮನೆಗಳಲ್ಲಿ ಕಲ್ಲನ್ನು ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸಿದ್ದರು. ಬೆನ್ನಿಗೆ ಎಷ್ಟು ನೆಮ್ಮದಿ!

ಕೊನೆಗೆ ಮಮ್ಮಿಗಳ ಹತ್ತಿರ ಹೋಗಿ, ಹಲ್ಲು ಕಾಣುವಂತಿದ್ದರೆ ನೋಡಿ. ರೊಟ್ಟಿಯಲ್ಲಿ ಸೇರಿದ ಮರಳು, ಕಲ್ಲಿನ ಪುಡಿ ಹಲ್ಲನ್ನೂ ಸವೆಸಿವೆ.