ಮುಸ್ಲಿಂ ನೆರೆಮನೆಯ ಮಣ್ಣಿಗೆ ಹೋಗುವವರಿಗೆ

ಶಿವಾಜಿನಗರದಲ್ಲೋ ಟ್ಯಾನರಿ ರಸ್ತೆಯಲ್ಲೋ ಪರಿಚಿತ ಮುಸ್ಲಿಂ ಮನೆಯಲ್ಲಿ ಸಾವಾದ ಸುದ್ದಿ ಬಂದರೆ, ಜನಾಜಾ ನಮಾಜ್ (ಸತ್ತವರಿಗಾಗಿ ಮಾಡುವ ಪ್ರಾರ್ಥನೆ) ಯಾವ ಮಸೀದಿಯಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲು ವಿಚಾರಿಸಬೇಕು. ಬೆಂಗಳೂರಿನ ಟ್ರಾಫಿಕ್ಕನ್ನು ನಂಬಿ ಸಂಜೆ ಹೋದರಾಯಿತೆಂದುಕೊಂಡರೆ ಅಷ್ಟರಲ್ಲಿ ಮಣ್ಣು ಮುಗಿದಿರುತ್ತದೆ. ಮಯ್ಯತ್ತನ್ನು, ಅಂದರೆ ಮೃತದೇಹವನ್ನು, ತಡಮಾಡದೆ ಸಾಗಿಸಿ, ಅವರು ಸಜ್ಜನರಾಗಿದ್ದರೆ ಒಳಿತಿನ ಕಡೆಗೇ ಕಳಿಸಿಕೊಟ್ಟಂತಾಗುತ್ತದೆ ಎಂಬುದು ಪ್ರವಾದಿಯವರ ನುಡಿಗಳಾದ ಹದೀಸಿನ ಮಾತು.

ಹೂಮಾಲೆ ಬೇಡ. ನಾನೊಮ್ಮೆ ಕೆ.ಆರ್. ಮಾರುಕಟ್ಟೆಯಿಂದ ದೊಡ್ಡ ಸುಗಂಧರಾಜದ ಹಾರ ಒಯ್ದು, ಸ್ನಾನ ಮಾಡಿಸಿ ಕರ್ಪೂರ ಹಚ್ಚಿ ಹೊಲಿಗೆಯಿಲ್ಲದ ಬಿಳಿಯ ಕಫನ್ ಬಟ್ಟೆ ಸುತ್ತಿದ್ದ ದೇಹದೆದುರು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ.

‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದರೆ ಯಾರೂ ತಪ್ಪು ತಿಳಿಯಲಾರರು, ಆದರೆ ‘ಅಲ್ಲಾಹನು ಅವರನ್ನು ಕ್ಷಮಿಸಲಿ’ ಎಂಬುದು ಆ ನಂಬಿಕೆಗೆ ಹೆಚ್ಚು ಹತ್ತಿರದ ಮಾತು. ರೂಹ್ ಎಂಬುದನ್ನು ಆತ್ಮವೆಂದು ಕನ್ನಡಿಸಿದೊಡನೆ ನಮಗೆ ಪುನರ್ಜನ್ಮ ನೆನಪಾಗುತ್ತದೆ; ಇಸ್ಲಾಮಿನಲ್ಲಿ ಈ ಲೋಕದ ಬದುಕು ಒಂದೇ ಸಲ, ಅನಂತರ ಕಿಯಾಮತ್ ಎಂಬ ಅಂತಿಮ ತೀರ್ಪಿನ ದಿನದವರೆಗೆ ಬರ್ಝಖ್ ಎಂಬ ನಡುಗಾಲ, ಆಮೇಲೆ ದೇಹಸಮೇತ ಎದ್ದು ಲೆಕ್ಕ ಒಪ್ಪಿಸುವುದು. ರೂಹ್ ಎಂದರೇನೆಂದು ಕೇಳಿದವರಿಗೆ ಕುರ್‌ಆನ್ (17:85), ಅದು ಪ್ರಭುವಿನ ಅಪ್ಪಣೆಗೆ ಸೇರಿದ್ದು, ನಿಮಗೆ ಕೊಟ್ಟಿರುವ ಅರಿವು ಅಲ್ಪ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಈ ಮಿತಭಾಷೆ ನನಗೆ ಬಹಳ ಹಿಡಿಸಿದೆ.

ಜನಾಜಾ ನಮಾಜನ್ನು ನಿಂತೇ ಮಾಡುತ್ತಾರೆ, ಬಾಗುವುದಿಲ್ಲ. ನೀವು ಹಿಂದೆ ಸುಮ್ಮನೆ ನಿಂತರೆ ಸಾಕು. ಖಬರಸ್ತಾನದಲ್ಲಿ ಮುಖ ಮಕ್ಕಾದತ್ತ, ಅಂದರೆ ಇಲ್ಲಿಂದ ಪಶ್ಚಿಮಕ್ಕೆ ಬರುವಂತೆ ದೇಹವನ್ನು ಇಳಿಸಿದ ಬಳಿಕ, ಹಿರಿಯರೊಬ್ಬರನ್ನು ಕೇಳಿ ನೀವೂ ಮೂರು ಹಿಡಿ ಮಣ್ಣು ಹಾಕಬಹುದು. ಮಣ್ಣಿನಿಂದಲೇ ಸೃಷ್ಟಿಸಿದೆವು, ಮಣ್ಣಿಗೇ ಮರಳಿಸುವೆವು, ಮಣ್ಣಿನಿಂದಲೇ ಮತ್ತೆ ಎಬ್ಬಿಸುವೆವು ಎಂಬ ವಚನವನ್ನು (20:55) ಒಂದೊಂದು ಹಿಡಿಗೆ ಒಂದೊಂದು ಭಾಗದಂತೆ ಹೇಳುವವರಿದ್ದಾರೆ. ಮಳೆಗಾಲವಾದರೆ ಆ ಕೆಮ್ಮಣ್ಣು ಬೆರಳ ಸಂದಿಯಲ್ಲೇ ಅಂಟಿ ಉಳಿಯುತ್ತದೆ.

ಮಣ್ಣು ಮುಚ್ಚಿದ ಕೂಡಲೇ ಬೈಕಿನತ್ತ ನಡೆಯಬೇಡಿ. ಮುನ್ಕರ್, ನಕೀರ್ ಎಂಬ ದೇವದೂತರು ಬಂದು ನಿನ್ನ ಪ್ರಭು ಯಾರು, ಧರ್ಮ ಯಾವುದು, ಪ್ರವಾದಿ ಯಾರು ಎಂದು ಕೇಳುವ ಹೊತ್ತು ಅದೆಂಬ ನಂಬಿಕೆಯಿಂದ, ಸತ್ತವರ ಉತ್ತರ ತಡವರಿಸದಿರಲಿ ಎಂದು ಉಳಿದವರು ಗೋರಿಯ ಬಳಿ ನಿಂತು ಪ್ರಾರ್ಥಿಸುತ್ತಿರುತ್ತಾರೆ.

ಶೋಕದ ಮನೆಗೆ ಅಡುಗೆ ಕಳಿಸುವುದು ಪ್ರವಾದಿಯವರೇ ಹೇಳಿದ ಪದ್ಧತಿಯಾದ್ದರಿಂದ ನಿಮ್ಮ ಅನ್ನ, ಸಾರು ಧಾರಾಳವಾಗಿ ಸಲ್ಲುತ್ತದೆ. ವಿಧವೆಯ ಇದ್ದತ್, ಅಂದರೆ ಗಂಡನ ಸಾವಿನ ನಂತರ ಕಾಯುವ ಅವಧಿ, ಸಾಮಾನ್ಯವಾಗಿ 4 ತಿಂಗಳು 10 ದಿನ. ಅಲ್ಲಿಯವರೆಗೆ ಗಂಡಸರು ಆಕೆಯನ್ನೇ ಕಂಡು ಮಾತಾಡಬೇಕೆಂದು ಒತ್ತಾಯಿಸದೆ, ಸಾಂತ್ವನವನ್ನು ಮಕ್ಕಳ ಮೂಲಕ ತಲುಪಿಸಬಹುದು.