ನಾಲ್ಕು ದಿನದ ವಾರ: ರೆಸಿಡೆನ್ಸಿಯ ನಡುವೆ ನಾನು ಈಜು ಕಲಿತ ಬಗೆ

ಎಂ.ಡಿ. ಎಂಬ ಸ್ನಾತಕೋತ್ತರ ವೈದ್ಯ ಪದವಿಗೆ ಸೇರಿದಾಗ ಕೊಳದ ಅಂಚನ್ನು ಬಿಡಲು ಹೆದರುತ್ತಿದ್ದ ನಾನು, ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ಮೂರು ವರ್ಷದ ರೆಸಿಡೆನ್ಸಿಯನ್ನು ಮುಗಿಸುವ ಹೊತ್ತಿಗೆ ಎಲ್ಲೂ ನಿಲ್ಲದೆ ಒಂದು ಕಿಲೋಮೀಟರ್ ಈಜುವವನಾಗಿದ್ದೆ. ಮೊದಲ ವರ್ಷ ಈ ಆಸೆಯನ್ನು ಹೇಳಿಕೊಂಡಾಗ ಯೂನಿಟ್‌ನ ಸೀನಿಯರ್ ಒಬ್ಬರು, "ಮೊದಲು ಥೀಸಿಸ್‌ನಲ್ಲಿ ಮುಳುಗದೆ ತೇಲಪ್ಪ, ಕೊಳದ ಮಾತು ಆಮೇಲೆ" ಎಂದು ನಕ್ಕಿದ್ದರು. ಥೀಸಿಸ್ ಸಮಯಕ್ಕೆ ಸಲ್ಲಿಕೆಯಾಯಿತು, ಪರೀಕ್ಷೆಯೂ ಮೊದಲ ಪ್ರಯತ್ನದಲ್ಲೇ ಮುಗಿಯಿತು. ಆದ್ದರಿಂದ ಈಗ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ.

ಆರಂಭ ಮಾತ್ರ ನಾಚಿಕೆಗೇಡಿನದು. ಸೇರಿದ ಎರಡನೆಯ ತಿಂಗಳಲ್ಲಿ, ಬಂದ ಸ್ಟೈಪೆಂಡ್‌ನ ಹೆಚ್ಚುಕಡಿಮೆ ಅರ್ಧವನ್ನು ಒಂದು ಜಿಮ್‌ಗೆ ವಾರ್ಷಿಕ ಶುಲ್ಕವಾಗಿ ಕಟ್ಟಿ, ವರ್ಷವಿಡೀ ಹೋದದ್ದು ಒಂಬತ್ತೋ ಹತ್ತೋ ಸಲ. ಅನಂತರ ಶನಿವಾರದ ಈಜು ತರಗತಿಗೆ ಮೂರು ತಿಂಗಳ ಹಣ ಕಟ್ಟಿದೆ. ಅದರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಶನಿವಾರಗಳು ಕೈತಪ್ಪಿದವು. ವಾರ್ಡಿನ ರೋಗಿಗಳನ್ನು ನೋಡುವ ರೌಂಡ್ಸ್‌ಗೆ ಮೊದಲು ಬೆಳಗ್ಗೆ ಐದಕ್ಕೆ ಎದ್ದು ಹೋಗುವ ಪ್ರಯತ್ನವಂತೂ ಹನ್ನೊಂದು ದಿನ ನಡೆಯಿತು, ಹನ್ನೆರಡನೆಯ ದಿನ ರೋಗಿಯ ವಿವರ ಒಪ್ಪಿಸುತ್ತಾ (ಕೇಸ್ ಪ್ರೆಸೆಂಟ್ ಮಾಡುತ್ತಾ) ನಿಂತಲ್ಲೇ ತೂಕಡಿಸಿದೆ.

ತಪ್ಪು ಸೋಮಾರಿತನದಲ್ಲಿರದೆ ಲೆಕ್ಕದಲ್ಲಿದೆ ಎಂಬುದು ಒಂದು ರಾತ್ರಿ ರೋಸ್ಟರ್ (ಡ್ಯೂಟಿ ಪಟ್ಟಿ) ನಕಲು ಮಾಡುವಾಗ ಹೊಳೆಯಿತು. ನಾಲ್ಕು ದಿನಕ್ಕೊಂದು ಡ್ಯೂಟಿ, ಅಂದರೆ ರಾತ್ರಿಯಿಡೀ ಆಸ್ಪತ್ರೆಯಲ್ಲೇ ಇರುವ ಪಾಳಿ, ಇರುವವನಿಗೆ 28 ದಿನಗಳಲ್ಲಿ ಏಳು ಡ್ಯೂಟಿ ಬರುತ್ತವೆ, ಅವು ವಾರದ ಏಳೂ ದಿನಗಳ ಮೇಲೆ ಒಂದೊಂದಾಗಿ ಬೀಳುತ್ತವೆ. ಹೀಗಾಗಿ ಆ ಅವಧಿಯ ನಾಲ್ಕು ಶನಿವಾರಗಳಲ್ಲಿ ಒಂದು ಡ್ಯೂಟಿಗೆ, ಇನ್ನೊಂದು ಪೋಸ್ಟ್-ಡ್ಯೂಟಿಯ, ಅಂದರೆ ಡ್ಯೂಟಿಯ ಮರುದಿನದ, ನಿದ್ದೆಗೆ ಹೋಗುವುದು ಖಚಿತ. ವಾರಕ್ಕೆ ಕಟ್ಟಿಹಾಕಿದ ಯಾವ ತರಗತಿಗೆ ಸೇರಿದರೂ ಅರ್ಧ ಹಣವನ್ನು ಮೊದಲೇ ಎಸೆದಂತೆ. ಅಂದಿನಿಂದ ಸೋಮವಾರ, ಮಂಗಳವಾರಗಳನ್ನು ಬಿಟ್ಟು ಡ್ಯೂಟಿ, ಪೋಸ್ಟ್, ನಡುವಿನ ದಿನ, ಮುನ್ನಾದಿನ ಎಂಬ ನಾಲ್ಕೇ ದಿನಗಳ ವಾರವನ್ನು ಗೋಡೆಗೆ ಬರೆದು ಅಂಟಿಸಿದೆ. ಹೋದಾಗ ಮಾತ್ರ ಹಣ ಪಡೆಯುವ ಕೊಳವೊಂದನ್ನು ಹುಡುಕಿದೆ. ಒಂದೊಂದು ಸಲದ ದರ ತರಗತಿಗಿಂತ ದುಬಾರಿಯಾಗಿದ್ದರೂ ವರ್ಷದ ಕೊನೆಗೆ ಖರ್ಚು ಮೊದಲಿನ ಮೂರನೆಯ ಒಂದು ಭಾಗದಷ್ಟೂ ಆಗಿರಲಿಲ್ಲ.

ಈ ಯೋಜನೆ ನಿಂತದ್ದು ಪೋಸ್ಟ್-ಡ್ಯೂಟಿಯ ಮಧ್ಯಾಹ್ನದ ಮೇಲೆ. ಮೊದಲೆಲ್ಲ ಎರಡಕ್ಕೆ ಮಲಗಿ ರಾತ್ರಿ ಒಂಬತ್ತಕ್ಕೆ ಎದ್ದು, ಬೆಳಗಿನವರೆಗೆ ಕಣ್ಣು ಬಿಟ್ಟುಕೊಂಡಿದ್ದು, ಮರುದಿನವನ್ನೂ ಹಾಳುಮಾಡಿಕೊಳ್ಳುತ್ತಿದ್ದೆ. ಬಳಿಕ ಎರಡು ಗಂಟೆ ಮಾತ್ರ ಮಲಗಿ, ಸಂಜೆ ಆರಕ್ಕೆ ಕೊಳಕ್ಕೆ ಹೋಗಿ, ಹತ್ತರೊಳಗೆ ಮತ್ತೆ ಮಲಗುವುದನ್ನು ರೂಢಿಸಿಕೊಂಡೆ. ಆ ಎರಡು ಗಂಟೆಯಾದರೂ ಗಟ್ಟಿಯಾಗಿ ನಿದ್ದೆ ಬರಬೇಕಾದರೆ ಬೆಳಗಿನ ಜಾವದ ನಾಲ್ಕರ ಕಾಫಿಯನ್ನು ಬಿಡಬೇಕು. ಕೆಫೀನ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅದು ಅರ್ಧಕ್ಕೆ ಇಳಿಯುವ ಸಮಯ, ಸುಮಾರು ಐದು ಗಂಟೆ ಎಂದು ಪರೀಕ್ಷೆಯಲ್ಲಿ ಬರೆದ ನಾನೇ ಅದನ್ನು ನನ್ನ ಮೇಲೆ ಪ್ರಯೋಗಿಸಲು ವರ್ಷ ತೆಗೆದುಕೊಂಡೆ. ಕಾಫಿಯ ಬದಲು ಚೂಯಿಂಗ್ ಗಮ್, ತಣ್ಣೀರು, ಮೆಟ್ಟಿಲು ಹತ್ತುವುದು ಎಲ್ಲವನ್ನೂ ಪರೀಕ್ಷಿಸಿದೆ. ಮೆಟ್ಟಿಲಿನಿಂದ ಮಾತ್ರ ಸ್ವಲ್ಪ ಪ್ರಯೋಜನವಾಯಿತು.

ಒಂದು ಎಚ್ಚರಿಕೆ. ಪೋಸ್ಟ್-ಡ್ಯೂಟಿಯ ದಿನ ಆಳದ ಕಡೆಗೆ ಹೋಗಬೇಡಿ. ಒಮ್ಮೆ ಹುಮ್ಮಸ್ಸಿನಲ್ಲಿ ಹೋಗಿ, ಮೀನಖಂಡ ಹಿಡಿದುಕೊಂಡು, ತರಬೇತುದಾರರು ತೋಳು ಹಿಡಿದೆಳೆದು ದಡಕ್ಕೆ ತಂದರು. ಅಲ್ಲಿದ್ದ ಮಕ್ಕಳ ಮುಂದೆ "ಇವರು ಡಾಕ್ಟರಂತೆ" ಎಂಬ ಮಾತು ಬೇರೆ. ಆಮೇಲೆ ಆ ದಿನಗಳಲ್ಲಿ ಎದೆಮಟ್ಟದ ನೀರಿನಲ್ಲಿ ಕಾಲು ಬಡಿಯುವುದನ್ನಷ್ಟೇ ಮಾಡಿ, ನಿಜವಾದ ಈಜನ್ನು ನಡುವಿನ ದಿನಕ್ಕೆ ಇಟ್ಟುಕೊಂಡೆ. ಲೆಕ್ಕದ ಪ್ರಕಾರ 28 ದಿನಕ್ಕೆ ಹದಿನಾಲ್ಕು ಸಲ ಆಗಬೇಕಿತ್ತು. ಕೈಗೆ ಬಂದದ್ದು ಒಂಬತ್ತು, ಹೆಚ್ಚೆಂದರೆ ಹತ್ತು.

ಹೆಚ್ಚು ವಾದಕ್ಕೆ ಕಾರಣವಾದದ್ದು ನನ್ನ ಕೋಣೆ. ಮೂವರು ಹಂಚಿಕೊಂಡಿದ್ದ ದೂರದ ಮನೆಯಿಂದ ಆಸ್ಪತ್ರೆಗೆ ಒಂದು ಗಂಟೆಯ ಮೇಲೆ ಹಿಡಿಯುತ್ತಿತ್ತು. ಅದನ್ನು ಬಿಟ್ಟು, ಮೂರನೆಯ ಒಂದು ಭಾಗ ಹೆಚ್ಚು ಬಾಡಿಗೆ ಕೊಟ್ಟು, ಹನ್ನೆರಡು ನಿಮಿಷ ನಡಿಗೆಯ ದೂರದಲ್ಲಿದ್ದ ಕಿಟಕಿಯಿಲ್ಲದ ಕೋಣೆಗೆ ಬಂದಾಗ ಗೆಳೆಯರು ನನಗೆ ಹುಚ್ಚು ಹಿಡಿದಿದೆ ಎಂದರು. ಹೆಚ್ಚಿನ ಬಾಡಿಗೆಯ ಅರ್ಧ ಪ್ರಯಾಣದ ಖರ್ಚಿನಲ್ಲೇ ಉಳಿಯಿತು, ತಿಂಗಳಿಗೆ ನಲವತ್ತು ಗಂಟೆಗಳಷ್ಟು ಎಚ್ಚರದ ಸಮಯ ದೊರೆಯಿತು, ಹಗಲು ನಿದ್ದೆಗೆ ಆ ಕತ್ತಲೆಯೇ ಅನುಕೂಲವಾಯಿತು. ರಾತ್ರಿಯಿಡೀ ಎಚ್ಚರವಿದ್ದು ಬೈಕ್ ಓಡಿಸುವ ಅಪಾಯವೂ ತಪ್ಪಿತು. ಸುಮಾರು 17 ಗಂಟೆ ಎಚ್ಚರವಿದ್ದವನ ಚುರುಕುತನ ರಕ್ತದಲ್ಲಿ ಶೇಕಡಾ 0.05 ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂಬುದು ನಮಗೆಲ್ಲರಿಗೂ ಗೊತ್ತು, ಆದರೂ ಬೈಕ್ ಏರುತ್ತೇವೆ.

ಡ್ಯೂಟಿ ಬದಲಾವಣೆಗೆ ನನ್ನದೊಂದು ಲೆಕ್ಕದ ಪುಸ್ತಕವಿತ್ತು, ಅದಕ್ಕೆ ಎರಡು ನಿಯಮ: ಮೊದಲು ಬೇರೆಯವರ ಡ್ಯೂಟಿ ಮಾಡಿಕೊಟ್ಟು ಬಳಿಕ ಕೇಳುವುದು, ಎರಡಕ್ಕಿಂತ ಹೆಚ್ಚು ಡ್ಯೂಟಿ ಸಾಲ ಇಟ್ಟುಕೊಳ್ಳದಿರುವುದು. ರೋಸ್ಟರ್ ಬರೆಯುವವರು ನನ್ನ ನಡುವಿನ ದಿನಕ್ಕೆ ಕೈಹಾಕದಂತೆ ಹೇಗೆ ನೋಡಿಕೊಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಜೂನಿಯರ್‌ಗಳಿಬ್ಬರು ಇನ್ನೂ ಅದನ್ನೇ ನೆಚ್ಚಿಕೊಂಡಿದ್ದಾರೆ.

ದಿನ ಬಿಟ್ಟು ದಿನ ಡ್ಯೂಟಿಯಿದ್ದ ಐಸಿಯು ಪೋಸ್ಟಿಂಗ್‌ನ ಎರಡು ತಿಂಗಳಲ್ಲಿ ಈ ವಿಧಾನ ಪೂರ್ತಿ ಕುಸಿಯಿತು, ಕೊಳದ ಮುಖವನ್ನೇ ನೋಡಲಿಲ್ಲ. ಇನ್ನು ಬಂಧುಗಳ ಮದುವೆಗಳು ನಾಲ್ಕು ದಿನದ ವಾರವನ್ನು ಕೇಳಿ ನಿಶ್ಚಯವಾಗುವುದಿಲ್ಲ. ಮೂರು ವರ್ಷಗಳಲ್ಲಿ ಬಂದ ಒಂಬತ್ತು ಆಮಂತ್ರಣಗಳಲ್ಲಿ ನಾನು ಹೋದದ್ದು ಮೂರಕ್ಕೆ, ಅದರಲ್ಲಿ ಒಂದಕ್ಕೆ ಊಟ ಮುಗಿದ ಮೇಲೆ.