ತಗಡಿನ ಟಾಪಿಲ್ಲದ ಗಾಡಿಗೆ ಆಂಟೆನಾ: ಟರ್ಪಾಲಿನ ಜೀಪು, ಆಟೋ, ಗುಡ್ಡೆಯ ಮೇಲೊಂದು ಕಂಬ

ಗಾಡಿಯ ಮೇಲೆ ಎದ್ದು ಕಾಣುವ ಸರಳು ಆಂಟೆನಾದ ಅರ್ಧ ಭಾಗ ಮಾತ್ರ. ಉಳಿದರ್ಧ ಅದರ ಬುಡದಲ್ಲಿರುವ ತಗಡು. ಕಾರಿನ ಟಾಪಿನ ನಡುವೆ ಮ್ಯಾಗ್ನೆಟ್ ಆಂಟೆನಾ ಕೂರಿಸುವವರು ಇದನ್ನು ಮರೆತರೂ ನಡೆಯುತ್ತದೆ, ತಗಡು ಅಲ್ಲಿ ಹೇಗೂ ಇದೆ. ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಕಡೆಯ ತೋಟದ ದಾರಿಗಳಲ್ಲಿ ಓಡುವ ಟರ್ಪಾಲಿನ ಜೀಪಿಗೂ ರೆಕ್ಸಿನ್ ಹುಡ್ಡಿನ ಆಟೋಗೂ ಹಾಗೆ ಮಾಡಲಾಗದು. ಅಲ್ಲಿ ತಗಡನ್ನು ನಾವೇ ಒದಗಿಸಬೇಕು, ಇಲ್ಲವೇ ತಗಡು ಬೇಡದ ಆಂಟೆನಾ ಆರಿಸಬೇಕು. ಹ್ಯಾಮ್ (ಹವ್ಯಾಸಿ ರೇಡಿಯೋ) ಪರವಾನಿಗೆ ಕೈಯಲ್ಲಿದೆ, 144–146 ಮೆಗಾಹರ್ಟ್ಸಿನ ಸೆಟ್ಟು ಇದೆ ಎಂದಿಟ್ಟುಕೊಂಡು ಮುಂದಿನದು.

ಮೊದಲು ಜೀಪು. ಬಾನೆಟ್, ಮಡ್‌ಗಾರ್ಡ್, ಪಕ್ಕದ ಬಾಡಿ ಎಲ್ಲ ಗಟ್ಟಿ ತಗಡೇ, ಮೇಲ್ಭಾಗ ಮಾತ್ರ ಬಟ್ಟೆ. ಹಾಗಾಗಿ ಆಂಟೆನಾ ಬಾನೆಟ್ಟಿನ ಹಿಂದಿನ ಮೂಲೆಗೆ, ಗಾಜಿನ ಫ್ರೇಮಿನ ಬುಡಕ್ಕೆ ಬರಲಿ. 3 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿಯನ್ನು ‘ಎಲ್’ ಆಕಾರಕ್ಕೆ ಬಗ್ಗಿಸಿ, ಎರಡು ಬೋಲ್ಟಿನಲ್ಲಿ ಬಾಡಿಗೆ ಬಿಗಿಯಿರಿ. ಒಂದೇ ಬೋಲ್ಟಾದರೆ ಮುರಕಲ್ಲಿನ ದಾರಿಯ ಕುಲುಕಾಟಕ್ಕೆ ಪಟ್ಟಿ ತಿರುಗಿಬಿಡುತ್ತದೆ. ಬೋಲ್ಟ್ ಕೂರುವಲ್ಲಿ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಹಲ್ಲಿನ ವಾಷರ್ ಹಾಕಿ, ಬಿಗಿದಾದ ಮೇಲೆ ಸುತ್ತ ಗ್ರೀಸ್ ಬಳಿಯಿರಿ.

ಸರಳಿನ ಲೆಕ್ಕ ಸುಲಭ: 71.25ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಕಾಲು ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 145ಕ್ಕೆ 49 ಸೆಂ.ಮೀ. ಕತ್ತರಿಸುವುದು 51 ಸೆಂ.ಮೀ.ಗೆ, ಆಮೇಲೆ 2–3 ಮಿ.ಮೀ.ನಂತೆ ಇಳಿಸುತ್ತ ಬನ್ನಿ. ಒಂದು ಸೆಂ.ಮೀ. ಹೋದರೆ ಟ್ಯೂನಿಂಗ್ (ಆಂಟೆನಾ ಹೊಂದಿಕೊಳ್ಳುವ ಆವರ್ತನ) ಸುಮಾರು 3 ಮೆಗಾಹರ್ಟ್ಸ್ ಮೇಲಕ್ಕೆ ಜಿಗಿಯುತ್ತದೆ, ಅಂದರೆ ಇಡೀ ಬ್ಯಾಂಡನ್ನೇ ದಾಟಿಬಿಡುತ್ತದೆ. ‘ಐದೆಂಟು ಅಲೆ’ಯ (ಅಲೆಯ ಎಂಟರಲ್ಲಿ ಐದು ಪಾಲು) ಉದ್ದದ ಸರಳಿಗೆ ಗೇನ್, ಅಂದರೆ ಸಿಗ್ನಲಿನ ಬಲ, ಹೆಚ್ಚೆಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಆ ಗೇನ್ ಸಿಗುವುದು ಕೆಳಗೆ ಅಗಲ ತಗಡು ಇದ್ದಾಗ. ಜೀಪಿನ ಮೂಲೆಯಲ್ಲಿ ಗಿಡ್ಡ ಕಾಲು ಅಲೆಯೇ ವಾಸಿ, ತಗ್ಗಿ ನಿಂತ ಸೋಗೆಗೂ ಸಿಕ್ಕಿಕೊಳ್ಳುವುದಿಲ್ಲ.

ಮೂಲೆಗೆ ಕೂರಿಸಿದ್ದಕ್ಕೆ ಒಂದು ಬೆಲೆ ತೆರಬೇಕು. ತಗಡು ಯಾವ ಕಡೆ ಹೆಚ್ಚು ಚಾಚಿದೆಯೋ ಸಿಗ್ನಲ್ ಆ ಕಡೆಗೆ ಬಲ. ಎಡ ಹಿಂಮೂಲೆಯ ಆಂಟೆನಾ ಬಲ ಮುಂದಿನ ದಿಕ್ಕಿಗೆ ಚೆನ್ನಾಗಿ ಕೇಳಿಸುತ್ತದೆ. ದೂರದ ಸ್ಟೇಷನ್ ಕ್ಷೀಣವಾದರೆ ಪವರ್ ಏರಿಸುವ ಮೊದಲು ಜೀಪನ್ನೇ ತಿರುಗಿಸಿ ನಿಲ್ಲಿಸಿ ನೋಡಿ.

ಇನ್ನು ಬಾನೆಟ್ಟು. ಅದು ಹಿಂಜಿನ ಮೇಲೆ ಕೂತಿದೆ, ಹಿಂಜಿನ ತುಂಬ ಗ್ರೀಸು, ಧೂಳು, ತುಕ್ಕು. ಕಣ್ಣಿಗೆ ಒಂದೇ ಬಾಡಿ, ರೇಡಿಯೋಗೆ ಬೇರೆ ಬೇರೆ ತುಂಡು. ಹಳೆಯ ದಪ್ಪ ಕೇಬಲಿನ ಹೊರ ಜಾಲರಿಯನ್ನು ಬಿಚ್ಚಿ ಚಪ್ಪಟೆ ಮಾಡಿ, 15–20 ಸೆಂ.ಮೀ. ತುಂಡುಗಳಲ್ಲಿ ಬಾನೆಟ್ಟನ್ನೂ ಗಾಜಿನ ಫ್ರೇಮನ್ನೂ ಬಾಡಿಗೆ ಜೋಡಿಸಿ. ಸೈಲೆನ್ಸರ್ ಕೊಳವೆಗೂ ಹೀಗೇ ಒಂದು ಹಾಕಿದರೆ ಎಚ್‌ಎಫ್ (3–30 ಮೆಗಾಹರ್ಟ್ಸ್) ಕೇಳುವಾಗ ಎಂಜಿನ್ನಿನ ಗರಗರ ಎಷ್ಟೋ ಸಲ ಇಳಿಯುತ್ತದೆ. ಪಿಕಪ್ಪಿನ ಕ್ಯಾರಿಯರ್ ರಬ್ಬರ್ ಕಾಲಿನ ಮೇಲೆ ನಿಂತಿದ್ದರೆ ಅದಕ್ಕೂ ಇದೇ ಮದ್ದು.

ಆಟೋ ವಿಷಯ ಬೇರೆ. ಹುಡ್ಡಿನ ಪೈಪು ತೆಳು, ಕೆಳಗೇ ಪ್ರಯಾಣಿಕರ ತಲೆ. ಇಲ್ಲಿ ಬುಡದಲ್ಲಿ ತಗಡು ಬೇಡದ, ಇಂಗ್ಲಿಷಿನ ‘ಜೆ’ ಆಕಾರದ ಅರ್ಧ ಅಲೆಯ ಆಂಟೆನಾ, ಅಂದರೆ ಜೆ-ಪೋಲ್ ಒಳ್ಳೆಯದು. ಹಳೆಯ ಟಿವಿ ಆಂಟೆನಾದ 300 ಓಂ ಚಪ್ಪಟೆ ವೈರು ಅಟ್ಟದಲ್ಲಿ ಸಿಕ್ಕರೆ ಖರ್ಚೂ ಇಲ್ಲ. ಒಂದೂವರೆ ಮೀಟರ್ ತೆಗೆದುಕೊಳ್ಳಿ. ಕೆಳತುದಿಯಲ್ಲಿ ಎರಡೂ ತಂತಿಯನ್ನು ಕೂಡಿಸಿ ಬೆಸುಗೆ ಹಾಕಿ. ಅಲ್ಲಿಂದ 42 ಸೆಂ.ಮೀ. ಮೇಲೆ ಒಂದು ತಂತಿಯನ್ನು ಮಾತ್ರ 6 ಮಿ.ಮೀ.ನಷ್ಟು ಕಡಿದು ತೆಗೆಯಿರಿ. ಕೆಳತುದಿಯಿಂದ 3 ಸೆಂ.ಮೀ. ಮೇಲೆ ಪ್ಲಾಸ್ಟಿಕ್ ಕೆರೆದು ಕೇಬಲ್ ಜೋಡಿಸಿ: ನಡುತಂತಿ ಉದ್ದದ ಬದಿಗೆ, ಜಾಲರಿ ಕಡಿದ ಬದಿಗೆ. ಅದಲುಬದಲಾದರೆ ಟ್ಯೂನಿಂಗ್ ಕೈಗೆ ಸಿಗುವುದಿಲ್ಲ. ಕೇಬಲನ್ನು ಅಲ್ಲೇ ಕೆಳಗೆ 4 ಸುತ್ತು ಸುರುಳಿ ಮಾಡಿ ಟೈ ಹಾಕಿ, ಇಲ್ಲದಿದ್ದರೆ ಕೇಬಲೇ ಆಂಟೆನಾದಂತೆ ವರ್ತಿಸುತ್ತದೆ.

ವೈರನ್ನು 20 ಮಿ.ಮೀ. ಪಿವಿಸಿ ಪೈಪಿನೊಳಗೆ ಇಳಿಸಿದ ಮೇಲೆಯೇ ಮೇಲ್ತುದಿ ಕತ್ತರಿಸಿ ಟ್ಯೂನ್ ಮಾಡಬೇಕು. ಪಿವಿಸಿ ಟ್ಯೂನಿಂಗನ್ನು ಕೆಳಕ್ಕೆ ಎಳೆಯುತ್ತದೆ. ಹೊರಗಿಟ್ಟು ಸರಿಪಡಿಸಿ ಆಮೇಲೆ ಒಳಗೆ ಹಾಕಿದವರು ಎರಡು ಸಲ ಕೆಲಸ ಮಾಡುತ್ತಾರೆ. ಪೈಪನ್ನು ಹಿಂದಿನ ಫ್ರೇಮಿಗೆ ಕಟ್ಟುವಾಗ ಮರದ ತುಂಡು ಕೊಟ್ಟು ಲೋಹದಿಂದ 8–10 ಸೆಂ.ಮೀ. ದೂರ ಹಿಡಿಯಿರಿ. ಹಿಂದೆ ಜನ ಕೂತಿರುವಾಗ 5 ವಾಟ್ ಸಾಕು.

ಕೇಬಲ್ ಆರ್‌ಜಿ-58 ಎಂಬ ತೆಳು ಜಾತಿಯದಾದರೂ ಆದೀತು, ಆದರೆ 5 ಮೀಟರಿಗೆ ಸುಮಾರು 1 ಡಿಬಿ, ಅಂದರೆ ಪವರಿನ ಐದನೇ ಒಂದು ಪಾಲು ಅದರಲ್ಲೇ ಕರಗುತ್ತದೆ. ಬೇಕಾದಷ್ಟೇ ಉದ್ದ ಇಡಿ. ಸೆಟ್ಟಿಗೆ ವಿದ್ಯುತ್ತು ನೇರ ಬ್ಯಾಟರಿಯಿಂದ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ.

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲಗಾಳಿಗೆ ಮೊದಲು ಬಲಿಯಾಗುವುದು ಕನೆಕ್ಟರ್. ಸಾಮಾನ್ಯವಾಗಿ ಬಳಸುವ ಪಿಎಲ್-259 ಕನೆಕ್ಟರ್ ನೀರು ತಡೆಯುವ ಜಾತಿಯದಲ್ಲ. ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ. ಹಂಚು ಹೊದಿಸಿದ ಹಾಗೆ, ಮೇಲಿನ ಸುತ್ತು ಕೆಳಗಿನದರ ಮೇಲೆ ಬಂದರೆ ಮಳೆನೀರು ಜಾರಿಹೋಗುತ್ತದೆ. ಕೇಬಲ್ ಒಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಾಗು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಪವರ್ ಎಷ್ಟು ಹಿಂದಿರುಗುತ್ತದೆಂದು ತೋರಿಸುವ ಅಳತೆ) ಅಳೆಯುವಾಗ ಬಾಗಿಲು, ಬಾನೆಟ್ ಮುಚ್ಚಿರಲಿ. 1.5ರ ಒಳಗಿದ್ದರೆ ಚೆನ್ನಾಗಿದೆ, ಹಾಗೇ ಬಿಡಿ. 2 ಬಂದರೂ ಹಿಂದಿರುಗುವುದು 11 ಶೇಕಡಾ ಮಾತ್ರ. 3ಕ್ಕೆ 25 ಶೇಕಡಾ, ಅದು ಸರಿಪಡಿಸಲೇಬೇಕಾದ್ದು. ಎಸ್‌ಡಬ್ಲ್ಯುಆರ್ ಅತಿ ಕಡಿಮೆಯಾಗುವ ಆವರ್ತನ 145ಕ್ಕಿಂತ ಕೆಳಗೆ ಬಂದರೆ ಸರಳು ಉದ್ದ, ಮೇಲೆ ಬಂದರೆ ಗಿಡ್ಡ. ಎಲ್ಲೂ ಇಳಿಯದಿದ್ದರೆ ಸರಳಿನ ತಂಟೆ ಬಿಟ್ಟು ಬುಡದ ಪೇಂಟ್ ನೋಡಿ. ಕೇಬಲ್ ಮುಟ್ಟಿದಾಗ ಮೀಟರಿನ ಮುಳ್ಳು ಅಲ್ಲಾಡಿದರೂ ದೋಷ ಬುಡದ ತಗಡಿನ ಜೋಡಣೆಯದ್ದೇ. ಮಳೆಗಾಲದಲ್ಲಿ ಎಸ್‌ಡಬ್ಲ್ಯುಆರ್ ತಾನಾಗಿ ‘ಸುಧಾರಿಸಿದರೆ’ ಸಂತೋಷಪಡಬೇಡಿ, ಕೇಬಲಿಗೆ ನೀರು ಹೊಕ್ಕು ಪವರನ್ನು ನುಂಗುತ್ತಿರಬಹುದು.

ಪೊಸಡಿಗುಂಪೆಯಂಥ ಗುಡ್ಡೆಯ ಮೇಲೆ ಜೀಪು ನಿಲ್ಲಿಸಿ 7 ಮೆಗಾಹರ್ಟ್ಸಿನಲ್ಲಿ ಮಾತಾಡಬೇಕಾದರೆ ಜೀಪನ್ನೇ ಕಂಬದ ಬುಡ ಮಾಡಿಕೊಳ್ಳಿ. 6 ಮಿ.ಮೀ. ದಪ್ಪ, 30×45 ಸೆಂ.ಮೀ. ಕಬ್ಬಿಣದ ಹಲಗೆಯ ಒಂದಂಚಿಗೆ 60 ಸೆಂ.ಮೀ. ಜಿಐ ಪೈಪನ್ನು ನೆಟ್ಟಗೆ ವೆಲ್ಡ್ ಮಾಡಿಸಿ, ಹಲಗೆಯ ಮೇಲೆ ಚಕ್ರ ಹತ್ತಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಪೈಪಿನೊಳಗೆ 8 ಮೀಟರ್ ಬಿದಿರು, ಮೂರು ಕಡೆ ನೈಲಾನ್ ಹಗ್ಗ. ತುದಿಯಿಂದ ಎರಡು ಬದಿಗೆ ಇಳಿಜಾರಾಗಿ ತಲಾ 10.3 ಮೀಟರ್ ತಂತಿ. ಎರಡನ್ನೂ ಸಮವಾಗಿ ಕತ್ತರಿಸುತ್ತ 10 ಮೀಟರಿನ ಆಸುಪಾಸು ಬಂದಾಗ 7.1 ಸಿಗುತ್ತದೆ. ಕೇಬಲೇ ಆಂಟೆನಾದಂತೆ ವರ್ತಿಸದಿರಲು ಅದನ್ನು ಮೇಲ್ತುದಿಯಲ್ಲೇ ‘ಮಿಕ್ಸ್ 31’ ಎಂಬ ಜಾತಿಯ ಫೆರೈಟ್ ರಿಂಗಿಗೆ 12 ಸುತ್ತು ಸುತ್ತಿ.

ಮನೆಯಲ್ಲಿ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇದೆಯಲ್ಲ, ಹಗುರ, ಉದ್ದ, ಅದೇ ಸಾಕು ಎಂದು ಹಲವರಿಗೆ ತೋಚುತ್ತದೆ. ಬೇಡ. ಕಾರ್ಬನ್ ವಿದ್ಯುತ್ತು ಹರಿಸುತ್ತದೆ. ತಂತಿಯ ಪಕ್ಕ ನಿಂತು ಟ್ಯೂನಿಂಗ್ ಕೆಡಿಸುವುದು ಸಣ್ಣ ತೊಂದರೆ. ಲೈನಿಗೆ ತಾಗಿದರೆ ಹಿಡಿದವರ ಜೀವ ಹೋಗುತ್ತದೆ. ಬಿದಿರು ಅಥವಾ ಫೈಬರ್ ಗ್ಲಾಸ್ ಕಂಬವೇ ಇರಲಿ. ಅದನ್ನೂ ಕರೆಂಟಿನ ಲೈನಿನಿಂದ ಕಂಬದುದ್ದದ ಎರಡರಷ್ಟು ದೂರದಲ್ಲಿ ಎಬ್ಬಿಸಿ, ಒದ್ದೆ ಬಿದಿರನ್ನು ಒಣಗಿದ್ದೆಂದು ನಂಬಬೇಡಿ. ಏಪ್ರಿಲ್–ಮೇಯಲ್ಲೂ ಹಿಂಗಾರಿನಲ್ಲೂ ಮಧ್ಯಾಹ್ನದ ಮೇಲೆ ಮೋಡ ಕಟ್ಟಿತೋ, ಗುಡುಗಿಗೆ ಕಾಯದೆ ಮಾತು ಅರ್ಧಕ್ಕೇ ನಿಲ್ಲಿಸಿ ಗುಡ್ಡೆ ಇಳಿಯಿರಿ; ತಂತಿ ಸುತ್ತುತ್ತ ಕೂರಬೇಡಿ. ಪೈಪಿನಿಂದ ಬಿದಿರು ಎತ್ತಿ ನೆಲಕ್ಕೆ ಮಲಗಿಸಿ ಹೊರಟರೆ ಸಾಕು, ತಂತಿ ನಾಳೆ ಬಂದು ಸುತ್ತಿಕೊಳ್ಳಬಹುದು. ಹಾಗೆ ಅವಸರದಲ್ಲಿ ಎತ್ತಲು ಮರೆತು ಜೀಪು ಚಲಾಯಿಸಿದರೆ ಕಂಬ ಟರ್ಪಾಲಿನ ಮೇಲೆಯೇ ಬೀಳುತ್ತದೆ. ಆದ್ದರಿಂದ ಕಂಬ ನಿಂತಿರುವಷ್ಟು ಹೊತ್ತು ಜೀಪಿನ ಕೀಲಿಕೈ ಆ ಕಂಬದಲ್ಲೇ ನೇತಾಡಲಿ.